ಸ್ಮಾರ್ಟ್ ಫೋನ್ ಕೊಳ್ಳುವ ಮುನ್ನ

ಹಿತ್ತಾಳೆಯ ಪಾತ್ರೆ ಕೊಳ್ಳಲು ಪೇಟೆಗೆ ಹೋದ ನಮ್ಮ ಹಿರಿಯರು ಅದರ ಹೊಳಪಿಗೆ ಮರುಳಾಗುತ್ತಿರಲಿಲ್ಲ. ಬೆರಳ ಗಂಟಿನಿಂದ ತಟ್ಟಿ ನಾದ ಕೇಳುತ್ತಿದ್ದರು. ಕೈಯಲ್ಲಿ ಎತ್ತಿ ತೂಕ ನೋಡುತ್ತಿದ್ದರು. ತಳ ದಪ್ಪವೋ ತೆಳುವೋ ಎಂದು ತಿರುಗಿಸಿ ಪರೀಕ್ಷಿಸುತ್ತಿದ್ದರು. ಮಗಳ ಕಾಲಕ್ಕೂ ಮೊಮ್ಮಗಳ ಕಾಲಕ್ಕೂ ಉಳಿಯಬೇಕಾದ ವಸ್ತುವೆಂಬ ಎಚ್ಚರ ಅವರಿಗಿತ್ತು. ಇಂದು ಅದೇ ಮನೆಯವರು ಪಾತ್ರೆಗಿಂತ ಎಷ್ಟೋ ಪಾಲು ಹೆಚ್ಚು ಬೆಲೆಯ ಸ್ಮಾರ್ಟ್ ಫೋನನ್ನು ಅರ್ಧ ಗಂಟೆಯೊಳಗೆ ಕೊಂಡು ಬರುತ್ತಾರೆ. ಕ್ಯಾಮೆರಾ ಎಷ್ಟು, ಬಣ್ಣ ಯಾವುದು, ತಿಂಗಳ ಕಂತು ಎಷ್ಟು: ಈ ಮೂರು ಪ್ರಶ್ನೆಗಳಿಗೆ ಪರೀಕ್ಷೆ ಮುಗಿದುಹೋಗುತ್ತದೆ.

ಫೋನು ತಾನೇ, ಇಷ್ಟೊಂದು ಯೋಚನೆ ಏತಕ್ಕೆ ಎಂದು ನೀವು ಕೇಳಬಹುದು. ಅದರೊಳಗೆ ಏನಿದೆ ಎಂಬುದನ್ನು ಒಮ್ಮೆ ಎಣಿಸಿ ನೋಡಿ. ಬ್ಯಾಂಕಿನ ಖಾತೆಗೆ ಅದೇ ಬೀಗದ ಕೈ. ಹಣ ತೆಗೆಯಲು ಬರುವ ಗುಪ್ತ ಸಂಖ್ಯೆ ಅದಕ್ಕೇ ಬರುತ್ತದೆ. ಮಕ್ಕಳ ಚಿತ್ರಗಳು, ವೈದ್ಯರ ಚೀಟಿ, ಮನೆಯ ಕಾಗದಪತ್ರಗಳ ಪ್ರತಿ, ಬಂಧುಬಳಗದವರ ಹೆಸರು ಮತ್ತು ಸಂಖ್ಯೆ ಎಲ್ಲವೂ ಅದರಲ್ಲಿವೆ. ನಮ್ಮ ನಡುಮನೆಯ ರೇಡಿಯೋ ಊರ ಸುದ್ದಿಯನ್ನು ಮನೆಗೆ ತರುತ್ತದೆ. ಮನೆಯ ಸುದ್ದಿಯನ್ನು ಊರಿಗೆ ಒಯ್ಯುವುದಿಲ್ಲ. ಸ್ಮಾರ್ಟ್ ಫೋನು ಎರಡನ್ನೂ ಮಾಡಬಲ್ಲುದು. ಕನ್ನಡದಲ್ಲಿ ಇದಕ್ಕೆ ಜಂಗಮವಾಣಿ ಎಂಬ ಹೆಸರನ್ನು ಕೆಲವರು ಬಳಸುತ್ತಾರೆ, ಒಪ್ಪುವ ಹೆಸರೇ. ಜಂಗಮವಾದದ್ದು ನಮ್ಮ ಮನೆಯ ಮಾತನ್ನು ಹೊತ್ತು ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿದಿರುವುದು ಒಳಿತು.

ಆದುದರಿಂದ ಅಂಗಡಿಗೆ ಹೋಗುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಬೇರೆ ಮೂರು. ಇದು ಎಂದಿನವರೆಗೆ ಬಾಳುತ್ತದೆ? ಯಾರ ಮುಂದೆ ನಮ್ಮ ಸುದ್ದಿ ಹೇಳುತ್ತದೆ? ವರ್ಷಕ್ಕೆ ಎಷ್ಟು ಬೀಳುತ್ತದೆ? ಇವನ್ನು ಒಂದೊಂದಾಗಿ ನೋಡೋಣ.

ಬಾಳಿಕೆ

ಹಿತ್ತಾಳೆಯ ಪಾತ್ರೆ ನೂರು ವರ್ಷ ಬಾಳೀತು. ಒಳಗಣ ಕಲಾಯಿ ಬಾಳದು. ಕಲಾಯಿ ಸವೆದ ಪಾತ್ರೆಯಲ್ಲಿ ಹುಳಿ ಕಾಯಿಸಿದರೆ ಕಿಲುಬೇಳುತ್ತದೆ, ಉಂಡವರಿಗೆ ಕೇಡಾಗುತ್ತದೆ. ಹೊರಗಿನಿಂದ ನೋಡುವವರಿಗೆ ಪಾತ್ರೆ ಎಂದಿನಂತೆಯೇ ಥಳಥಳಿಸುತ್ತಿರುತ್ತದೆ. ಸ್ಮಾರ್ಟ್ ಫೋನಿನ ಸ್ಥಿತಿಯೂ ಹೀಗೆಯೇ.

ಗಾಜು, ಲೋಹ, ಚಿಪ್ಪುಗಳು ಫೋನಿನ ಒಡಲು. ಆ ಒಡಲನ್ನು ನಡೆಸುವ ಮೂಲ ತಂತ್ರಾಂಶ ಬೇರೆ ಇರುತ್ತದೆ. ನಮ್ಮ ದೇಶದ ಬಹುಪಾಲು ಫೋನುಗಳಲ್ಲಿ ಇದು ಗೂಗಲ್ ಕಂಪೆನಿಯ ಆಂಡ್ರಾಯ್ಡ್. ಆ್ಯಪಲ್ ಕಂಪೆನಿಯ ಐಫೋನುಗಳಲ್ಲಿ ಐಒಎಸ್. ಎರಡೂ ಲಕ್ಷಗಟ್ಟಲೆ ಸಾಲುಗಳ ಬರಹ. ಮನುಷ್ಯರು ಬರೆದ ಬರಹದಲ್ಲಿ ತಪ್ಪು ಉಳಿದೇ ಉಳಿಯುತ್ತದೆ. ಉತ್ತರಪತ್ರಿಕೆಗಳನ್ನು ತಿದ್ದಿ ತಿದ್ದಿ ಕನ್ನಡಕದ ದಪ್ಪ ಹೆಚ್ಚಿಸಿಕೊಂಡ ಉಪಾಧ್ಯಾಯನ ಈ ಮಾತನ್ನು ನೀವು ನಂಬಬಹುದು. ಆ ತಪ್ಪುಗಳೇ ಕಳ್ಳರಿಗೆ ಕಿಂಡಿ.

ಒಂದು ನಿದರ್ಶನ ಕೊಡುತ್ತೇನೆ. 2015ರ ಜುಲೈ ತಿಂಗಳಲ್ಲಿ ಆಂಡ್ರಾಯ್ಡಿನ ಒಂದು ದೊಡ್ಡ ಲೋಪ ಬಯಲಾಯಿತು. ಅದಕ್ಕೆ ಸ್ಟೇಜ್‌ಫ್ರೈಟ್ ಎಂದು ಹೆಸರಿಟ್ಟರು. ಕುಯುಕ್ತಿಯಿಂದ ರಚಿಸಿದ ವಿಡಿಯೋ ಸಂದೇಶವೊಂದನ್ನು ಕಳುಹಿಸಿದರೆ ಸಾಕು, ಫೋನಿನ ಯಜಮಾನ ಅದನ್ನು ತೆರೆಯದಿದ್ದರೂ ಫೋನು ಪರರ ವಶವಾಗುವ ಸಂಭವವಿತ್ತು. ಇದಾದ ಮೇಲೆ, ಅದೇ ವರ್ಷದ ಆಗಸ್ಟಿನಿಂದ, ಗೂಗಲ್ ಕಂಪೆನಿ ತಿಂಗಳಿಗೊಮ್ಮೆ ಭದ್ರತೆಯ ತಿದ್ದುಪಡಿಗಳನ್ನು ಪ್ರಕಟಿಸುವ ಪದ್ಧತಿಯನ್ನು ಆರಂಭಿಸಿತು. ಈ ತಿದ್ದುಪಡಿಗೆ ಪ್ಯಾಚ್ ಎನ್ನುತ್ತಾರೆ. ಎಂದರೆ ತೇಪೆ. ನಾನು ಕಲಾಯಿ ಎಂದದ್ದು ಇದನ್ನೇ.

ಆದರೆ ಒಂದು ವ್ಯತ್ಯಾಸ ಉಂಟು. ಪಾತ್ರೆಗೆ ಬೀದಿಯಲ್ಲಿ ಬಂದ ಯಾವ ಕಲಾಯಿಯವನಾದರೂ ಕಲಾಯಿ ಹಾಕಿಕೊಡುತ್ತಿದ್ದ. ಫೋನಿನ ಕಲಾಯಿಯನ್ನು ಅದರ ತಯಾರಕನೇ ಹಾಕಬೇಕು. ಗೂಗಲ್ ಪ್ರಕಟಿಸಿದ ತಿದ್ದುಪಡಿಯನ್ನು ಆಯಾ ಕಂಪೆನಿ ತನ್ನ ಫೋನಿಗೆ ಹೊಂದಿಸಿ ಕಳುಹಿಸದಿದ್ದರೆ ಅದು ನಿಮ್ಮ ಕೈ ಸೇರದು. ಬೇರೆಯವರು ಸಿದ್ಧಪಡಿಸಿದ ತಂತ್ರಾಂಶವನ್ನು ಹಳೆಯ ಫೋನಿಗೆ ತುಂಬುವ ಬಲ್ಲಿದರು ಇದ್ದಾರೆ. ಆದರೆ ಹಾಗೆ ಮಾಡಿದ ಫೋನಿನಲ್ಲಿ ಕೆಲವು ಬ್ಯಾಂಕುಗಳ ಆ್ಯಪ್‌ಗಳು ನಡೆಯುವುದಿಲ್ಲ. ಸಾಮಾನ್ಯ ಸಂಸಾರಸ್ಥರಿಗೆ ಅದು ಒಗ್ಗುವ ದಾರಿಯಲ್ಲ.

ಹಾಗಾದರೆ ತಯಾರಕರು ಎಷ್ಟು ವರ್ಷ ಈ ಕೆಲಸ ಮಾಡುತ್ತಾರೆ? ಇಲ್ಲಿಯೇ ಫೋನಿಗೂ ಫೋನಿಗೂ ಅಜಗಜಾಂತರ. ಗೂಗಲ್ 2023ರ ಅಕ್ಟೋಬರಿನಲ್ಲಿ ಪಿಕ್ಸೆಲ್ 8 ಫೋನನ್ನು ಹೊರತಂದಾಗ 7 ವರ್ಷಗಳ ಮಾತು ಕೊಟ್ಟಿತು. 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್ 24ಕ್ಕೆ ಅಷ್ಟೇ ವರ್ಷಗಳ ಮಾತು ಕೊಟ್ಟಿತು. ಆ್ಯಪಲ್‌ನವರದು ಮಾತು ಕಡಮೆ, ನಡತೆ ದೀರ್ಘ: 2018ರಲ್ಲಿ ಬಂದ ಐಫೋನ್ ಎಕ್ಸ್‌ಎಸ್‌ಗೆ 2024ರ ಐಒಎಸ್ 18ರವರೆಗೂ ಹೊಸ ಆವೃತ್ತಿಗಳು ದೊರೆತವು. ಇವೆಲ್ಲ ದುಬಾರಿ ಫೋನುಗಳಾಯಿತಲ್ಲ ಎಂದು ನಿಟ್ಟುಸಿರು ಬಿಡಬೇಡಿ. ಮಧ್ಯಮ ವರ್ಗದವರ ಕೈಗೆಟಕುವ ಗ್ಯಾಲಕ್ಸಿ ಎ 16 5ಜಿ ಎಂಬ ಫೋನು 2024ರ ಅಕ್ಟೋಬರಿನಲ್ಲಿ ನಮ್ಮ ದೇಶಕ್ಕೆ ಬಂದಾಗ ಅದಕ್ಕೂ 6 ವರ್ಷಗಳ ಭದ್ರತೆಯ ಭರವಸೆ ಇತ್ತು. ಅದೇ ಬೆಲೆಯ ಸುತ್ತಿನಲ್ಲಿ ಎರಡು ಮೂರು ವರ್ಷಕ್ಕೆ ಕೈ ತೊಳೆದುಕೊಳ್ಳುವ ಫೋನುಗಳೂ ಅಂಗಡಿಯಲ್ಲಿ ಪಕ್ಕದಲ್ಲೇ ಕುಳಿತಿರುತ್ತವೆ. ಹೊಳಪಿನಲ್ಲಿ ಏನೂ ಕಡಮೆಯಿರುವುದಿಲ್ಲ.

ಎರಡು ವಿಷಯಗಳನ್ನು ಗುರುತಿಟ್ಟುಕೊಳ್ಳಿ. ಮೊದಲನೆಯದು, ಸಾಮಾನ್ಯವಾಗಿ ಈ ವರ್ಷಗಳ ಎಣಿಕೆ ಆರಂಭವಾಗುವುದು ಫೋನು ಮೊದಲು ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. 2024ರ ಕೊನೆಯಲ್ಲಿ ಬಂದ 6 ವರ್ಷದ ಫೋನನ್ನು 2026ರ ಕೊನೆಯಲ್ಲಿ ಕೊಂಡರೆ ನಿಮಗೆ ಉಳಿಯುವುದು ನಾಲ್ಕೇ ವರ್ಷ. ಹಬ್ಬದ ರಿಯಾಯಿತಿಯಲ್ಲಿ ಹಳೆಯ ಮಾದರಿಗಳು ಅಗ್ಗವಾಗುವುದರ ಒಳಗುಟ್ಟು ಎಷ್ಟೋ ವೇಳೆ ಇದೇ. ಎರಡನೆಯದು, ಹೊಸ ಆವೃತ್ತಿ ಬೇರೆ, ಭದ್ರತೆಯ ತಿದ್ದುಪಡಿ ಬೇರೆ. ಹೊಸ ಆವೃತ್ತಿ ಬಾರದಿದ್ದರೂ ಬದುಕಬಹುದು. ಭದ್ರತೆಯ ತಿದ್ದುಪಡಿ ನಿಂತ ಫೋನು ಕಲಾಯಿ ಹೋದ ಪಾತ್ರೆ. ಕಂಪೆನಿ ಎರಡಕ್ಕೂ ಬೇರೆ ಬೇರೆ ವರ್ಷಗಳನ್ನು ಹೇಳಿದ್ದರೆ ಭದ್ರತೆಯ ವರ್ಷಗಳನ್ನೇ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಬ್ಯಾಟರಿಯ ಮಾತು. ಲಿಥಿಯಂ ಅಯಾನ್ ಬ್ಯಾಟರಿಯನ್ನು ರೂಪಿಸಿದ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ಎಷ್ಟು ದೊಡ್ಡ ಸಾಧನೆಯಾದರೂ ಅದಕ್ಕೆ ಮುಪ್ಪು ತಪ್ಪಿಲ್ಲ. ತುಂಬಿಸಿ ಬರಿದು ಮಾಡಿದ ಪ್ರತಿಯೊಂದು ಸುತ್ತಿಗೂ ಅದರ ಧಾರಣಶಕ್ತಿ ಕಿಂಚಿತ್ ಕುಗ್ಗುತ್ತದೆ. ಯೂರೋಪಿನ ಒಕ್ಕೂಟ 2025ರ ಜೂನ್ 20ರಿಂದ ಜಾರಿಗೆ ತಂದಿರುವ ನಿಯಮದ ಪ್ರಕಾರ ಅಲ್ಲಿ ಮಾರುವ ಹೊಸ ಮಾದರಿಯ ಫೋನಿನ ಬ್ಯಾಟರಿ 800 ಸುತ್ತುಗಳ ಅನಂತರವೂ ಮೊದಲಿನ ಶಕ್ತಿಯಲ್ಲಿ ನೂರಕ್ಕೆ 80ರಷ್ಟನ್ನು ಉಳಿಸಿಕೊಂಡಿರಬೇಕು. ದಿನಕ್ಕೊಂದು ಸುತ್ತೆಂದರೆ ಸುಮಾರು ಎರಡು ವರ್ಷ ಎರಡು ತಿಂಗಳಾಯಿತು. ಆದ್ದರಿಂದ ಐದಾರು ವರ್ಷ ಫೋನು ಬಾಳಬೇಕಾದರೆ ನಡುವೆ ಒಮ್ಮೆ ಬ್ಯಾಟರಿ ಬದಲಾಯಿಸಬೇಕಾದೀತು, ಅದಕ್ಕೆ ಸಿದ್ಧರಾಗಿರಿ. ಕಂಪೆನಿಯ ಅಧಿಕೃತ ದುರಸ್ತಿ ಕೇಂದ್ರ ನಿಮ್ಮ ಊರಿನಲ್ಲಿ, ಇಲ್ಲವೇ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಇದೆಯೇ, ಬ್ಯಾಟರಿಗೂ ಮುಂಭಾಗದ ಗಾಜಿಗೂ ಎಷ್ಟು ತೆಗೆದುಕೊಳ್ಳುತ್ತಾರೆ ಎಂದು ಕೊಳ್ಳುವ ಮುನ್ನವೇ ವಿಚಾರಿಸಿ. ಬ್ಯಾಟರಿಯ ಪರಮ ಶತ್ರು ಕಾವು. ದಿಂಬಿನ ಕೆಳಗೆ, ಬಿಸಿಲಲ್ಲಿ ನಿಂತ ಕಾರಿನೊಳಗೆ, ಒಲೆಯ ಬಳಿ ಫೋನಿಡಬೇಡಿ. ನೂರಕ್ಕೆ 80 ತುಂಬಿದೊಡನೆ ನಿಲ್ಲಿಸುವ ಏರ್ಪಾಡು ಈಗ ಅನೇಕ ಫೋನುಗಳಲ್ಲಿದೆ. ಅದನ್ನು ಬಳಸಿಕೊಂಡರೆ ಆಯುಷ್ಯ ಹೆಚ್ಚುತ್ತದೆ. ಬೆನ್ನು ಉಬ್ಬಿದ ಫೋನನ್ನು ಮಾತ್ರ ಆ ಕ್ಷಣವೇ ಬಳಕೆಯಿಂದ ತೆಗೆದುಬಿಡಿ.

ಮನೆಯ ಗುಟ್ಟು

“ನಮ್ಮಲ್ಲಿ ಮುಚ್ಚಿಡುವ ತಪ್ಪೇನಿದೆ? ನೋಡುವವರು ನೋಡಲಿ” ಎನ್ನುವವರು ಅನೇಕರು. ಬಚ್ಚಲ ಬಾಗಿಲನ್ನು ನಾವು ಮುಚ್ಚಿಕೊಳ್ಳುವುದು ಒಳಗೆ ತಪ್ಪು ಮಾಡುವುದಕ್ಕಾಗಿಯೇ? ಅಲ್ಲವಷ್ಟೆ. ಮರ್ಯಾದೆಯಿಂದ ಬಾಳುವವನಿಗೆ ತನ್ನದೆನ್ನುವ ಒಂದಷ್ಟು ಮರೆ ಬೇಕು. ಈ ಸರಳ ಸಂಗತಿಯನ್ನು ನಮ್ಮ ದೇಶದ ಅತ್ಯುನ್ನತ ನ್ಯಾಯಾಲಯದ ಬಾಯಿಂದ ಹೇಳಿಸಿದ ಮೊಕದ್ದಮೆಯಲ್ಲಿ ಮೊದಲ ಅರ್ಜಿದಾರರು ಕರ್ನಾಟಕದವರು ಎಂಬುದು ನಮಗೆ ಹೆಮ್ಮೆಯ ವಿಷಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತೈದು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯ ಬಗ್ಗೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಏಕಕಂಠದಿಂದ ಖಾಸಗಿತನವು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಸಾರಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು, ತೀರ್ಪು ಉಳಿದಿದೆ. ವ್ಯಕ್ತಿಗಳ ಮಾಹಿತಿಯ ರಕ್ಷಣೆಗೆಂದು ಸಂಸತ್ತು 2023ರಲ್ಲಿ ಕಾಯಿದೆಯನ್ನು ಮಾಡಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದು, ಹಂತಹಂತವಾಗಿ ಜಾರಿಗೆ ಬರುವಂತೆ ಏರ್ಪಾಡಾಗಿದೆ.

ಕಾಯಿದೆ ಊರ ಕಾವಲು. ಮನೆಯ ಅಗಳಿಯನ್ನು ನಾವೇ ಹಾಕಿಕೊಳ್ಳಬೇಕು.

ಫೋನಿನಿಂದ ಸುದ್ದಿ ಸೋರುವುದು ಹೆಚ್ಚಾಗಿ ನಾವೇ ತುಂಬಿಕೊಳ್ಳುವ ಆ್ಯಪ್‌ಗಳ ಮೂಲಕ. ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆ ಇಲ್ಲಿ ಬಹಳ ಜನರಿಗೆ ಸಲ್ಲುತ್ತದೆ. ಅಮೆರಿಕದಲ್ಲಿ ನಡೆದ ಒಂದು ಸಂಗತಿಯನ್ನು ಕೇಳಿ. ಅಲ್ಲಿ ಫೋನನ್ನು ಬ್ಯಾಟರಿ ದೀಪದಂತೆ ಬೆಳಗಿಸುವ ಒಂದು ಪುಕ್ಕಟೆ ಆ್ಯಪ್ ಇತ್ತು. ಕೋಟಿಗಟ್ಟಲೆ ಫೋನುಗಳಿಗೆ ಅದನ್ನು ಇಳಿಸಿಕೊಂಡಿದ್ದರು. ದೀಪವೇನೋ ಬೆಳಗುತ್ತಿತ್ತು, ಜತೆಯಲ್ಲಿ ಫೋನು ಎಲ್ಲಿದೆ ಎಂಬ ಸುದ್ದಿಯನ್ನು ಜಾಹೀರಾತಿನವರಿಗೆ ಒಪ್ಪಿಸುತ್ತಿತ್ತು. 2013ರ ಡಿಸೆಂಬರಿನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಅದರ ತಯಾರಕರ ಮೇಲೆ ಕ್ರಮ ಕೈಗೊಂಡಾಗ ಇದು ಜಗಜ್ಜಾಹೀರಾಯಿತು. ದೀಪ ಹಚ್ಚುವವನಿಗೆ ನಾವು ಎಲ್ಲಿ ನಿಂತಿದ್ದೇವೆ ಎಂಬುದು ಏಕೆ ಬೇಕು? ಯಾವುದೇ ಆ್ಯಪ್ ಅನುಮತಿ ಕೇಳಿದಾಗ ಕೇಳಬೇಕಾದದ್ದು ಈ ಒಂದೇ ಪ್ರಶ್ನೆ: ನೀನು ಮಾಡುವ ಕೆಲಸಕ್ಕೂ ನೀನು ಕೇಳುವ ವಸ್ತುವಿಗೂ ಏನು ಸಂಬಂಧ?

ನಮ್ಮ ದೇಶದಲ್ಲಿ ಇದಕ್ಕಿಂತ ಕಠೋರವಾದ ಪಾಠ ಕಲಿಸಿದವು ಸಾಲದ ಆ್ಯಪ್‌ಗಳು. ಕೆಲವು ಸಾವಿರ ರೂಪಾಯಿ ಸಾಲ ಕೊಡುವ ನೆಪದಲ್ಲಿ ಸಾಲಗಾರನ ಫೋನಿನಲ್ಲಿರುವ ಎಲ್ಲ ಹೆಸರು, ಸಂಖ್ಯೆ, ಚಿತ್ರಗಳನ್ನು ಎಳೆದುಕೊಂಡು, ಕಂತು ತಪ್ಪಿದಾಗ ಬೀಗರಿಗೂ ನೆರೆಯವರಿಗೂ ಫೋನು ಮಾಡಿ ಮಾನ ಕಳೆದರು. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಸಾಲದ ಆ್ಯಪ್‌ಗಳು ಫೋನಿನ ಹೆಸರುಪಟ್ಟಿಯನ್ನೂ ಚಿತ್ರಗಳನ್ನೂ ಕರೆಗಳ ವಿವರವನ್ನೂ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿತು. ಇಲ್ಲಿ ಇನ್ನೊಂದು ಧರ್ಮಸೂಕ್ಷ್ಮವಿದೆ. ನಮ್ಮ ಫೋನಿನಲ್ಲಿರುವ ಹೆಸರುಪಟ್ಟಿ ನಮ್ಮದೊಬ್ಬರದೇ ಅಲ್ಲ. ಅತ್ತಿಗೆಯ ಸಂಖ್ಯೆ ಅತ್ತಿಗೆಯದು, ನೆರೆಮನೆಯ ಹುಡುಗಿಯ ಸಂಖ್ಯೆ ಅವಳದು. ಕಂಡವರಿಗೆ ಪಟ್ಟಿಯನ್ನು ಒಪ್ಪಿಸುವುದೆಂದರೆ ಪರರು ನಂಬಿ ಇಟ್ಟ ಒಡವೆಯನ್ನು ಅವರನ್ನು ಕೇಳದೆ ಒತ್ತೆಯಿಟ್ಟಂತೆ.

ಹಾಗಾದರೆ ಎಂತಹ ಫೋನು ಗುಟ್ಟು ಕಾಪಾಡುತ್ತದೆ? ಕಂಪೆನಿಗಳ ಆದಾಯದ ಮೂಲವನ್ನು ನೋಡಿದರೆ ಸ್ವಲ್ಪ ಸುಳಿವು ಸಿಗುತ್ತದೆ. ಗೂಗಲ್‌ನ ಆದಾಯದ ಬಹುಭಾಗ ಜಾಹೀರಾತಿನಿಂದ. ಆ್ಯಪಲ್‌ನದು ಬಹುಮಟ್ಟಿಗೆ ಯಂತ್ರಗಳ ಮಾರಾಟದಿಂದ, ಆದರೆ ಅದರ ಅಂಗಡಿಯಲ್ಲಿಯೂ ಜಾಹೀರಾತು ಇಲ್ಲದೆ ಇಲ್ಲ. ಅಗ್ಗದ ಫೋನುಗಳಲ್ಲಿ ಕೆಲವು ಕೊಂಡ ದಿನದಿಂದಲೇ ಬೇಡದ ಆ್ಯಪ್‌ಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು, ಪರದೆಯ ಮೇಲೆ ಜಾಹೀರಾತು ಉಗುಳುತ್ತಿರುತ್ತವೆ. ಬೆಲೆಯಲ್ಲಿ ಬಿಟ್ಟುಕೊಟ್ಟದ್ದನ್ನು ಹೀಗೆ ವಸೂಲು ಮಾಡುವ ಉಪಾಯ ಅದು. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಫೋನನ್ನು ಐದು ನಿಮಿಷ ಆಡಿಸಿ ನೋಡಿ. ಎಂತಹ ಆ್ಯಪ್‌ಗಳು ತುಂಬಿವೆ, ಅವನ್ನು ತೆಗೆದುಹಾಕಲು ಬರುತ್ತದೆಯೇ ಎಂದು ಕೇಳಿ.

ಮನೆಗೆ ತಂದ ಮೇಲೆ ನಾಲ್ಕು ಕೆಲಸ ಮಾಡಿ. ಪರದೆಗೆ ಬೀಗ ಹಾಕಿ. ಆರು ಅಂಕಿಯಾದರೂ ಇರಲಿ, ಹುಟ್ಟಿದ ದಿನಾಂಕ ಬೇಡ. ಸೆಟ್ಟಿಂಗ್ಸ್‌ನಲ್ಲಿ ಯಾವ ಆ್ಯಪ್‌ಗೆ ಯಾವ ಅನುಮತಿ ಇದೆ ಎಂಬ ಪಟ್ಟಿ ಸಿಗುತ್ತದೆ. ಸ್ಥಳ, ಧ್ವನಿ, ಕ್ಯಾಮೆರಾ, ಹೆಸರುಪಟ್ಟಿ ಈ ನಾಲ್ಕನ್ನು ತಿಂಗಳಿಗೊಮ್ಮೆ ಪರಿಶೀಲಿಸಿ, ಬೇಡವಾದದ್ದನ್ನು ಹಿಂತೆಗೆದುಕೊಳ್ಳಿ. ಅಲ್ಲಿಯೇ ಜಾಹೀರಾತಿಗಾಗಿ ಫೋನಿಗೆ ಕೊಟ್ಟಿರುವ ಗುರುತುಸಂಖ್ಯೆಯನ್ನು ಅಳಿಸುವ ಅವಕಾಶ ಆಂಡ್ರಾಯ್ಡಿನಲ್ಲಿದೆ, ಅಳಿಸಿಬಿಡಿ. ಐಫೋನಿನಲ್ಲಿ ಬೆನ್ನಟ್ಟಲು ಆ್ಯಪ್‌ಗಳು ಅನುಮತಿ ಕೇಳಿದಾಗ ಬೇಡವೆನ್ನಿ. ಕೊನೆಯದಾಗಿ, ಪರದೆಯ ಮೇಲ್ತುದಿಯಲ್ಲಿ ಹಸಿರು ಚುಕ್ಕೆ, ಐಫೋನಿನಲ್ಲಾದರೆ ಹಸಿರು ಇಲ್ಲವೇ ಕಿತ್ತಳೆ ಚುಕ್ಕೆ, ಕಾಣಿಸಿದರೆ ಯಾವುದೋ ಆ್ಯಪ್ ಕ್ಯಾಮೆರಾವನ್ನೋ ಮೈಕನ್ನೋ ಬಳಸುತ್ತಿದೆ ಎಂದರ್ಥ. 2020–21ರಿಂದೀಚೆಗಿನ ಆವೃತ್ತಿಗಳಲ್ಲಿ ಈ ಚುಕ್ಕೆ ಇದೆ. ಮನೆಯ ಮಕ್ಕಳಿಗೂ ಅದನ್ನು ತೋರಿಸಿಕೊಡಿ.

ಬೆಲೆ

ಬೆಲೆಯನ್ನು ಒಟ್ಟು ಮೊತ್ತದಲ್ಲಿ ನೋಡದೆ ವರ್ಷದ ಲೆಕ್ಕದಲ್ಲಿ ನೋಡಬೇಕು. ಲೆಕ್ಕದ ಸಲುವಾಗಿ ಎರಡು ಫೋನುಗಳನ್ನು ಊಹಿಸಿಕೊಳ್ಳಿ. ಒಂದರ ಬೆಲೆ 9,000 ರೂಪಾಯಿ, ಉಳಿದಿರುವ ಭದ್ರತೆಯ ಕಾಲ 2 ವರ್ಷ. ಇನ್ನೊಂದರ ಬೆಲೆ 18,000 ರೂಪಾಯಿ, ಭದ್ರತೆಯ ಕಾಲ 6 ವರ್ಷ. ಮೊದಲನೆಯದು ವರ್ಷಕ್ಕೆ 4,500 ರೂಪಾಯಿ ಬಿತ್ತು. ಎರಡನೆಯದಕ್ಕೆ ನಡುವೆ 2,000 ರೂಪಾಯಿ ಕೊಟ್ಟು ಬ್ಯಾಟರಿ ಬದಲಾಯಿಸಿದರೂ ವರ್ಷಕ್ಕೆ ಸುಮಾರು 3,300 ರೂಪಾಯಿ. ಅಗ್ಗವೆಂದು ಕಂಡದ್ದೇ ದುಬಾರಿಯಾಯಿತು. ಹಾಗೆಂದು 80,000 ರೂಪಾಯಿಯ ಫೋನಿಗೆ ಸಾಲ ಮಾಡಿ ಎಂದು ನಾನು ಹೇಳುತ್ತಿಲ್ಲ. ಅದು 7 ವರ್ಷ ಬಾಳಿದರೂ ವರ್ಷಕ್ಕೆ 11,000 ರೂಪಾಯಿಯ ಮೇಲಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಫೋನಿಗೂ ಸಲ್ಲುತ್ತದೆ.

ಅಂಗಡಿಯವರ ದೊಡ್ಡ ಅಂಕಿಗಳಿಗೆ ಬೆದರಬೇಡಿ. ಮೆಗಾಪಿಕ್ಸೆಲ್ ಹೆಚ್ಚಾದ ಮಾತ್ರಕ್ಕೆ ಚಿತ್ರ ಚೆನ್ನಾಗಿ ಬರುವುದಿಲ್ಲ. ಬೆಳಕು ಹಿಡಿಯುವ ಸಂವೇದಕದ ಅಳತೆಯೂ ಮಸೂರದ ಗುಣವೂ ಮುಖ್ಯ. ರ್‍ಯಾಮ್ 16 ಜಿಬಿ ಎಂದು ಕೂಗಿ, ಕೆಳಗೆ ಸಣ್ಣ ಅಕ್ಷರದಲ್ಲಿ 8 ಕೂಡಿಸು 8 ಎಂದು ಬರೆದಿದ್ದರೆ ನಿಜವಾಗಿ ಇರುವುದು 8 ಮಾತ್ರ. ಉಳಿದ 8 ಸಂಗ್ರಹದ ಜಾಗದಿಂದ ತಂದ ಕಡ, ಅದರ ವೇಗವೂ ಕಡಮೆ. ಬಹುಕಾಲ ಇಟ್ಟುಕೊಳ್ಳುವ ಫೋನಿಗೆ ಸಂಗ್ರಹ 128 ಜಿಬಿಗೆ ಕಡಮೆಯಿರಬಾರದು.

ಬಳಸಿದ ಫೋನು ಕೊಳ್ಳುವುದು ತಪ್ಪಲ್ಲ; ಅದರ ಭದ್ರತೆಯ ಕಾಲ ಇನ್ನೂ ಮೂರು ವರ್ಷವಾದರೂ ಉಳಿದಿರಬೇಕು. ಕಳವಿನ ಮಾಲೇ ಎಂದು ತಿಳಿಯಲು ಸರಕಾರವೇ ದಾರಿ ಮಾಡಿದೆ. ಫೋನಿನಲ್ಲಿ *#06# ಎಂದು ಒತ್ತಿದರೆ ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಕಾಣುತ್ತದೆ. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಮುಂದೆ ಜಾಗ ಬಿಟ್ಟು ಆ ಸಂಖ್ಯೆಯನ್ನು ಬರೆದು 14422ಕ್ಕೆ ಸಂದೇಶ ಕಳುಹಿಸಿದರೆ ಉತ್ತರ ಬರುತ್ತದೆ. ಹೊಸದಿರಲಿ, ಹಳೆಯದಿರಲಿ, ಐಎಂಇಐ ನಮೂದಿಸಿದ ರಸೀದಿ ಪಡೆಯಿರಿ. ಫೋನು ಕಳೆದುಹೋದರೆ ಸಂಚಾರ್ ಸಾಥಿಯಲ್ಲಿ ದೂರು ಕೊಟ್ಟು ಅದನ್ನು ಎಲ್ಲಿಯೂ ನಡೆಯದಂತೆ ತಡೆಹಿಡಿಸಲು ಆ ಸಂಖ್ಯೆ ಬೇಕಾಗುತ್ತದೆ.

ಹಳೆಯ ಫೋನು ಯಾರ ಕೈಗೆ?

ಈವರೆಗೆ ಹೇಳಿದ್ದಕ್ಕಿಂತ ಇದು ಮುಖ್ಯವಾದ ಮಾತು. ನಮ್ಮ ಮನೆಗಳಲ್ಲಿ ಒಂದು ಪದ್ಧತಿ ಬೆಳೆದಿದೆ. ಮಗನಿಗೆ ಹೊಸ ಫೋನು, ಅವನ ಹಳೆಯದು ತಂದೆಗೆ, ತಂದೆಯದು ಅಜ್ಜಿಗೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಕ್ಕಳ ಪಾಠಕ್ಕೆಂದು ತಂದೆತಾಯಂದಿರು ಕೈಗಡ ಮಾಡಿ ಕೊಂಡ ಅಗ್ಗದ ಫೋನುಗಳು ಹೀಗೆಯೇ ಕೈ ಬದಲಾಯಿಸಿ ಈಗ ಹಿರಿಯರ ಕೈಯಲ್ಲಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಭದ್ರತೆಯ ತಿದ್ದುಪಡಿ ನಿಂತುಹೋಗಿದೆ. ಆದರೆ ಅಜ್ಜಿಯ ಪಿಂಚಣಿ ಜಮೆಯಾಗುವ ಖಾತೆ ಆ ಫೋನಿಗೇ ಜೋಡಣೆಯಾಗಿದೆ. ಗುಪ್ತ ಸಂಖ್ಯೆ ಅದಕ್ಕೇ ಬರುತ್ತದೆ. ಮೋಸಗಾರರ ಕರೆಗೆ ಸುಲಭವಾಗಿ ಬೆದರುವವರೂ ಅವರೇ. ಮನೆಯಲ್ಲಿ ಅತ್ಯಂತ ದುರ್ಬಲವಾದ ಬಾಗಿಲನ್ನು ನಾವು ಅತ್ಯಂತ ದುರ್ಬಲರ ಕೋಣೆಗೆ ಕೂಡಿಸಿದ್ದೇವೆ.

ಈ ಪತ್ರಿಕೆಯನ್ನು ಕೆಳಗಿಟ್ಟೊಡನೆ ಮನೆಯ ಎಲ್ಲ ಫೋನುಗಳನ್ನೂ ಮೇಜಿನ ಮೇಲೆ ತರಿಸಿ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ಎಂಬ ಕಡೆ ಸೆಕ್ಯುರಿಟಿ ಅಪ್‌ಡೇಟ್‌ನ ದಿನಾಂಕ ಬರೆದಿರುತ್ತದೆ. ಕೆಲವು ಫೋನುಗಳಲ್ಲಿ ಅದು ಸೆಕ್ಯುರಿಟಿ ಎಂಬ ಬೇರೆ ಭಾಗದಲ್ಲಿರುತ್ತದೆ. ಆ ದಿನಾಂಕವನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಒಂದು ವರ್ಷಕ್ಕೂ ಹಿಂದಿನ ದಿನಾಂಕವಿದ್ದು, ಹೊಸ ತಿದ್ದುಪಡಿ ಇದೆಯೇ ಎಂದು ಹುಡುಕಿದರೂ ಬಾರದಿದ್ದರೆ ಆ ಫೋನಿನ ಕಲಾಯಿ ಹೋಯಿತೆಂದು ತಿಳಿಯಿರಿ. ಅದರಿಂದ ಬ್ಯಾಂಕಿನ ಆ್ಯಪ್‌ಗಳನ್ನೂ ಹಣ ಪಾವತಿಯ ಆ್ಯಪ್‌ಗಳನ್ನೂ ತೆಗೆಯಿರಿ, ಸಿಮ್ ಕಾರ್ಡನ್ನು ತಿದ್ದುಪಡಿ ಬರುತ್ತಿರುವ ಫೋನಿಗೆ ಹಾಕಿ. ಚಿತ್ರಗಳನ್ನು ಬೇರೆಡೆ ಉಳಿಸಿಕೊಂಡು, ಖಾತೆಗಳಿಂದ ಹೊರಬಂದು, ಫೋನನ್ನು ಪೂರ್ತಿ ಅಳಿಸಿ. ಯಾರಾದರೂ ಹಣದ ಮೋಸಕ್ಕೆ ಸಿಲುಕಿದ್ದು ತಿಳಿದರೆ ಹೊತ್ತು ಕಳೆಯದೆ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕೆಂಬುದನ್ನು ಹಿರಿಯರಿಗೂ ಕಲಿಸಿಡಿ.

ಮುಂದಿನ ಸಲ ಹೊಸ ಫೋನು ಕೊಳ್ಳುವ ಶಕ್ತಿ ಮನೆಗೆ ಬಂದಾಗ, ಅದು ಯಾರ ಕೈಗೆ ಹೋಗಬೇಕೆಂಬುದನ್ನು ಮಗನ ಆಸೆಗೆ ಬಿಡದೆ, ಕಲಾಯಿ ಹೋದ ಫೋನು ಯಾರ ಕೈಯಲ್ಲಿದೆ ಎಂಬುದನ್ನು ನೋಡಿ ತೀರ್ಮಾನಿಸಿ. ಅಳಿಸಿಟ್ಟ ಹಳೆಯ ಫೋನನ್ನು ಎಸೆಯಬೇಕಾಗಿಲ್ಲ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಮಾಡದಿದ್ದರೂ ಅಕ್ಕಿ ತುಂಬಿಡುತ್ತಿದ್ದರಲ್ಲವೆ? ಹಾಗೆಯೇ ಅದನ್ನು ಅಡುಗೆಮನೆಯ ಗೂಡಿನಲ್ಲಿಟ್ಟು ಬೆಳಗಿನ ಭಕ್ತಿಗೀತೆಯನ್ನೂ ವಾರ್ತೆಯನ್ನೂ ಕೇಳಲು ಬಳಸಿಕೊಳ್ಳಿ.